ಜಮೀನು ಕೇಳಿದೆವು, ಜಾಮೀನು ಹೇಳಿದರು

ಗೆರೆಗಳು ಅಷ್ಟು ಚಂದ ಬಂದಾಗಲೇ ನನಗೆ ಹೆದರಿಕೆ ಹತ್ತಬೇಕಿತ್ತು. ಹತ್ತಿತು ಕೂಡ. ಆದರೆ ನನಗೆ ಹೆದರಿಕೆ ಹತ್ತುವುದು ಹೊಸ ಸುದ್ದಿಯೇನಲ್ಲವಾದ್ದರಿಂದ ಯಾರೂ ಅದಕ್ಕೆ ಕಿವಿಗೊಡಲಿಲ್ಲ, ನಾನೂ ಕೊಡಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬರುವ ಮನುಷ್ಯ ನಾನು. "ಇವರಿಗೆ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಯಾಕ ಸಿಗವಲ್ದು ಅಂತ ಚಿಂತಿ ಹತ್ತತೈತಿ" ಎಂದು ನನ್ನ ಹೆಂಡತಿ ಬಂದ ಬೀಗರ ಮುಂದೆಲ್ಲ ಹೇಳಿ ನಗಿಸುತ್ತಾಳೆ.

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅದೇ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ ಒಬ್ಬರಿದ್ದರು. ನಲವತ್ತು ದಾಟಿದವರು. ಅವರನ್ನು ಇಲ್ಲಿ ಬರೀ ಮೇಡಂ ಎನ್ನುತ್ತೇನೆ, ಕಾಲೇಜಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ವರ್ಷವರ್ಷವೂ ಕೆಲಸ ಇರುತ್ತದೋ ಹೋಗುತ್ತದೋ ಎಂದು ಕಾಯುವ ನೌಕರಿ ಅವರದು. ಪಿಎಚ್‌.ಡಿ. ಆದರೆ ಒಂದು ನೆಲೆ, ಆಗದಿದ್ದರೆ ಅವರ ನಂತರ ಬಂದವರೆಲ್ಲ ಅವರನ್ನು ದಾಟಿ ಮುಂದೆ ಹೋಗುತ್ತಾರೆ. ನೋಂದಣಿಯ ಅವಧಿ ಆಗಲೇ ಒಮ್ಮೆ ವಿಸ್ತರಣೆಯಾಗಿತ್ತು. ಆ ಮಾರ್ಚ್ ಮುಗಿಯುವುದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ಇನ್ನೊಮ್ಮೆ ಕೇಳುವಂತಿಲ್ಲ.

ಅವರ ವಿಷಯ ಜಾಮೀನು. ಕೋರ್ಟು ಜಾಮೀನು ಮಂಜೂರು ಮಾಡಿದ ಮೇಲೂ ಕೆಲವರು ಜೈಲಿನಲ್ಲೇ ಉಳಿಯುತ್ತಾರೆ, ಯಾಕೆ? ಜಾಮೀನು ನಿಲ್ಲಲು ಒಬ್ಬರೋ ಇಬ್ಬರೋ ಬರಬೇಕು, ತಮ್ಮ ಹೊಲದ ಉತಾರ, ಅಂದರೆ ಪಹಣಿ ಪತ್ರ, ತಂದು ಕೋರ್ಟಿಗೆ ಕೊಡಬೇಕು. ಅಂಥವರು ಸಿಗದವನಿಗೆ ಆದೇಶ ಕೈಯಲ್ಲಿದ್ದರೂ ಬಾಗಿಲು ತೆರೆಯುವುದಿಲ್ಲ. ಸ್ವಂತ ಭೂಮಿ ಇದ್ದವರಿಗೆ ಭೂಮಿ ಇದ್ದ ನೆಂಟರಿರುತ್ತಾರೆ, ಹಾಗಾಗಿ ಅವರು ಬೇಗ ಹೊರಗೆ ಬರುತ್ತಾರೆ ಎನ್ನುವುದು ಮೇಡಂ ಅವರ ಊಹೆ. ಅದನ್ನು ಅಂಕಿಗಳಲ್ಲಿ ತೋರಿಸಬೇಕು. ಅಲ್ಲಿಗೆ ನಾನು ಬಂದೆ.

ನಾನು ಮೊದಲು ಮಾಡಿಸಿದ್ದು ಯೋಜನೆ. ಒಬ್ಬರನ್ನೂ ಮಾತಾಡಿಸುವ ಮುಂಚೆ ಯಾರನ್ನು ಯಾರ ಜೊತೆ ಹೋಲಿಸುತ್ತೇವೆ, ಯಾವ ಲೆಕ್ಕ ಹಾಕುತ್ತೇವೆ, ಏನು ಬಂದರೆ ಏನು ಹೇಳುತ್ತೇವೆ ಎಂದು ಬರೆದು, ಸಂಶೋಧನಾ ಸಮಿತಿಗೆ ಕೊಟ್ಟು ಶಿಕ್ಕಾ ಮೊಹರು ಹೊಡೆಸಿಟ್ಟೆವು. ಉತ್ತರ ಕಂಡ ಮೇಲೆ ಪ್ರಶ್ನೆ ಬದಲಿಸುವುದೆಂದರೆ, ಪೋರ ಪೇಪರ್ ಬರೆದು ಹೋದ ಮೇಲೆ ಅವನಿಗೆ ಬಂದ ಪ್ರಶ್ನೆಗಳನ್ನಷ್ಟೇ ಪತ್ರಿಕೆಯಲ್ಲಿ ಉಳಿಸಿದಂತೆ. ಮೇಡಂ ಇದನ್ನು ಒಪ್ಪಿದರು. ಅವರ ಮಾರ್ಗದರ್ಶಕರು ಫೋನಿನಲ್ಲಿ, "ನಿಮ್ಮ ಸರ್‌ಗೆ ಬ್ಯಾರೆ ಉದ್ಯೋಗ ಇಲ್ಲೇನು?" ಎಂದು ಕೇಳಿದರಂತೆ.

ಯೋಜನೆಯಲ್ಲಿ ನಮ್ಮ ತಲೆ ಹೆಚ್ಚು ತಿಂದದ್ದು ಒಂದು ಶಬ್ದ. "ನಿಮಗೆ ಹೊಲ ಐತೇನ್ರಿ?" ಎಂದು ಕೇಳೋಣ ಎಂದೆ ನಾನು.

"ಹೊಲ ಅಂದ್ರ ಒಣ ಬೇಸಾಯ ಆತಲ್ರಿ ಸರ್. ಅಥಣಿ ಕಡೆ ದ್ರಾಕ್ಷಿ ಹಚ್ಚಿದಾಂವ 'ಹೊಲ ಇಲ್ರಿ, ತ್ವಾಟಾ ಐತಿ' ಅಂತಾನ."

"ಹಂಗಾರ ತೋಟ ಅನ್ರಿ."

"ಒಣ ಹೊಲ ಇದ್ದಾಂವ ಇಲ್ಲ ಅಂತಾನ. ನಿಪ್ಪಾಣಿ ಕಡೆ ಮರಾಠಿ ಮಂದಿ ಮಳಾ ಅಂತಾರ, ಶೇತ ಅಂತಾರ."

ಕ್ಯಾಂಟೀನಿನಲ್ಲಿ ಭಡಂಗ ತಿನ್ನುತ್ತ, ಚಹಾದ ಮೇಲೆ ಚಹಾ ಕುಡಿಯುತ್ತ, ಕಡೆಗೆ ಎಲ್ಲವನ್ನೂ ಒಳಗೊಳ್ಳುವ ಶಬ್ದ ಸಿಕ್ಕಿತೆಂದು ಇಬ್ಬರೂ ಹಿಗ್ಗಿದೆವು. ಜಮೀನು. ಕನ್ನಡದಲ್ಲೂ ನಡೆಯುತ್ತದೆ, ಮರಾಠಿಯಲ್ಲೂ ನಡೆಯುತ್ತದೆ. ಒಂದೇ ಪ್ರಶ್ನೆ, ಐದೂ ತಾಲೂಕಿಗೆ. ಆ ದಿನ ನಾನು ಚಿಂತೆಯಿಲ್ಲದೆ ಮಲಗಿದೆ. ಅದೇ ಒಂದು ಸೂಚನೆಯಾಗಿತ್ತು ಎಂದು ಈಗ ಅನಿಸುತ್ತದೆ.

ಜನ ಸಿಗುವುದು ಕೋರ್ಟಿನ ಆವರಣದಲ್ಲಿ. ತಾರೀಕಿಗೆ ಬಂದವರು, ಇನ್ನೂ ಒಳಗಿದ್ದವರ ಮನೆಯವರು ಬೇವಿನ ಗಿಡದ ಕೆಳಗೆ ಕೂತು ಹೆಸರು ಕೂಗುವುದನ್ನು ಕಾಯುತ್ತಿರುತ್ತಾರೆ. ಅವರಿಗೂ ಹೊತ್ತು ಹೋಗಬೇಕು. ಮೇಡಂ ಅಲ್ಲಿ ಹೋಗಿ ಕೂತು ಹೆಸರು ಬರೆದುಕೊಳ್ಳದೆ, ಕೇಸು ಏನೆಂದೂ ಕೇಳದೆ, ತಮ್ಮ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದರು. ಮತ್ತೆ ಮಾತಾಡಿಸಬೇಕಾದೀತೆಂದು ಒಪ್ಪಿದವರ ಫೋನ್ ನಂಬರ್ ಮಾತ್ರ ಬೇರೆ ಕಡೆ ಗುರುತು ಹಾಕಿಕೊಳ್ಳುತ್ತಿದ್ದರು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಂದು ರಜೆಯ ದಿನ, ಕ್ಲಾಸಿಲ್ಲದ ದಿನ ಎಲ್ಲ ಸುತ್ತಿದರು. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದ ಬಸ್ಸಿನಲ್ಲಿ ಕೂತೇ ಅರ್ಧ ಸಂಶೋಧನೆ ಆಯಿತು ಎನ್ನುತ್ತಿದ್ದರು.

ಎಲ್ಲ ಮುಗಿದು, ಅಂಕಿ ತುಂಬಿ, ನನ್ನ ಲ್ಯಾಪ್‌ಟಾಪಿನಲ್ಲಿ ಗೆರೆಗಳು ಬಂದದ್ದು ಫೆಬ್ರುವರಿಯ ಒಂದು ಮಧ್ಯಾಹ್ನ. ಆದೇಶವಾದ ದಿನದಿಂದ ಇನ್ನೂ ಎಷ್ಟು ಜನ ಒಳಗಿದ್ದಾರೆ ಎನ್ನುವುದನ್ನು ಮೆಟ್ಟಿಲಿನ ಹಾಗೆ ಇಳಿಯುವ ಗೆರೆ ತೋರಿಸುತ್ತದೆ. ಜಮೀನು ಇಲ್ಲದವರ ಗೆರೆ ಮೆಲ್ಲಗೆ, ಮೊಣಕಾಲು ನೋವಿರುವ ಮುದುಕನಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಜಮೀನು ಇದ್ದವರ ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಧಡಕ್ಕನೆ ಕೆಳಗೆ.

ನಾನು ಎದ್ದು ನಿಂತುಬಿಟ್ಟೆ. ಇಷ್ಟು ವರ್ಷದಲ್ಲಿ ಮನುಷ್ಯರ ಬಗ್ಗೆ ಹಾಕಿದ ಯಾವ ಲೆಕ್ಕದಲ್ಲೂ ಇಷ್ಟು ಸ್ವಚ್ಛ ಅಂತರ ಕಂಡಿರಲಿಲ್ಲ. ಮನುಷ್ಯರು ಹಾಗೆ ಇರುವುದಿಲ್ಲ. ಜಮೀನಿದ್ದೂ ಅಣ್ಣತಮ್ಮಂದಿರ ಜೊತೆ ಜಗಳವಾಗಿ ಯಾರೂ ಬರದವನು ಒಬ್ಬನಾದರೂ ಇರಬೇಕಲ್ಲ?

ಮೇಡಂ ಪರದೆ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಇಷ್ಟು ಅನ್ಯಾಯ ಐತೇನ್ರಿ ಸರ್?" ಅಂದರು. ಅವರಿಗೆ ಅದು ಅನ್ಯಾಯದ ಧಕ್ಕೆ, ನನಗೆ ಅನುಮಾನದ ಧಕ್ಕೆ. ಮಾರ್ಗದರ್ಶಕರು ಫೋನಿನಲ್ಲಿ ಕುಣಿಯುವುದೊಂದು ಬಾಕಿ. "ಇದನ್ನ ಹಂಗ ಬೈಂಡ್ ಮಾಡಿಸು. ಇನ್ನ ಆ ಸರ್ ಕೈಗೆ ಕೊಡಬ್ಯಾಡ."

ಆದರೆ ನಾನು ಎಕರೆಯ ಕಾಲಂ ನೋಡಿದ್ದೆ. ಜಮೀನು ಇದೆ ಎಂದವರಿಗೆ "ಎಷ್ಟು?" ಎಂದು ಕೇಳಿದ್ದೆವು. ಬಂದ ಉತ್ತರ ಒಂದು ಇಲ್ಲವೆ ಎರಡು. ಕೆಳಗಿನ ತನಕ ಇಳಿದರೂ ಒಂದು, ಎರಡು, ಒಂದು, ಒಂದು, ಎರಡು. ಗುಂಟೆ ಹೇಳಿದವನಿಲ್ಲ, ಹತ್ತು ಎಕರೆಯವನಿಲ್ಲ. ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರ ನಡುವೆ ಒಂದು ಗುಂಟೆಗೆ ಮಾತು ಬಿಟ್ಟವರಿದ್ದಾರೆ, ಅವರು ಗುಂಟೆ ಹೇಳದೆ ಬಿಡುತ್ತಾರೆಯೆ?

ಹತ್ತರಲ್ಲಿ ಒಬ್ಬರನ್ನು ಮತ್ತೆ ಕೇಳಿ ತಾಳೆ ನೋಡಬೇಕೆಂದು ಯೋಜನೆಯಲ್ಲೇ ಬರೆದಿತ್ತು. ಅದನ್ನೇ ಹಿಡಿದು ಕೂತೆ. ಮೇಡಂ ನನ್ನ ಸಮಾಧಾನಕ್ಕೆ ಒಪ್ಪಿದರು. ಒಬ್ಬರು ಹಾರೂಗೇರಿಯ ಪೇಟೆಗೆ ಬರ್ರಿ ಎಂದರು. ಹೋದೆವು.

ಆತ ಹೆಂಡತಿಯ ಜೊತೆ ಕೂತು ಒಣಮೆಣಸಿನಕಾಯಿ ಮಾರುತ್ತಿದ್ದ. ನಾನು ಸೀನು ತಡೆದುಕೊಂಡು ನಿಂತೆ. ಮೇಡಂ ಕೇಳಿದರು: "ಅಣ್ಣಾರ, ನಿಮ್ಮ ಎರಡ ಎಕರೆ ಯಾವ ಕಡೆ ಬರ್ತೈತ್ರಿ?"

"ಯಾವ ಎರಡ ಎಕರೆರಿ ಅಕ್ಕಾರ?"

"ಅವತ್ತ ರಾಯಬಾಗದಾಗ ಹೇಳಿದ್ರಲ್ರಿ. ಜಮೀನ ಐತೇನ್ರಿ ಅಂದ್ರ ಐತಿ ಅಂದ್ರಿ, ಎಷ್ಟು ಅಂದ್ರ ಎರಡು ಅಂದ್ರಿ."

ಆತ ತಕ್ಕಡಿ ಕೆಳಗಿಟ್ಟ. "ಎರಡು ಜಾಮೀನ್ರಿ! ಒಬ್ಬಾಂವ ನಮ್ಮ ಮಾವ, ಇನ್ನೊಬ್ಬಾಂವ ಅವನ ಸಡ್ಡಕ. ಕೋರ್ಟಿನ ಮುಂದ ಕುಂತು ಜಾಮೀನ ಐತೇನ ಅಂತ ಕೇಳಿದ್ರಿ, ಐತಿ ಅಂದ್ನಿ."

ಹೆಂಡತಿ ಸೆರಗು ಬಾಯಿಗಿಟ್ಟು ನಗತೊಡಗಿದಳು. "ಎರಡ ಎಕರೆ ಇದ್ದಿದ್ರ ನಾ ಇಲ್ಲಿ ಕುಂತು ಘಾಟ ಕುಡೀತಿದ್ನೇನ್ರಿ ಬಾಯಾರ? ಏ, ನನಗ ಹೇಳದ ಎಲ್ಲಿ ತಗೊಂಡಿ ಹೇಳ, ಸವತಿ ಹೆಸರಿಲೆ ಐತೇನ?"

ಅಕ್ಕಪಕ್ಕದ ಅಂಗಡಿಯವರೂ ನಕ್ಕರು. ನಾನು ಮಾತ್ರ ಎರಡೂ ಶಬ್ದಗಳನ್ನು ಬಾಯಲ್ಲೇ ಹೇಳಿ ನೋಡಿದೆ. ಜಮೀನ, ಜಾಮೀನ. ನಮ್ಮ ಕಡೆ ಕೊನೆಯ ಉಕಾರವನ್ನು ಯಾರೂ ಉಚ್ಚರಿಸುವುದಿಲ್ಲ. ಉಳಿಯುವುದು ಜ-ಕಾರದ ಒಂದು ದೀರ್ಘ. ಬೇವಿನ ಗಿಡದ ಕೆಳಗೆ, ಕೋರ್ಟಿನ ಗದ್ದಲದಲ್ಲಿ, ಎದೆ ಹೊಡೆದುಕೊಳ್ಳುತ್ತ ಕೂತವನ ಕಿವಿಗೆ ಬೇರೇನು ಬೀಳಬೇಕು? ಮರಾಠಿಯಲ್ಲೂ ಅವೇ ಎರಡು ಶಬ್ದ, ಅದೇ ಒಂದು ದೀರ್ಘದ ಅಂತರ. ಎರಡು ಭಾಷೆಗೂ ಒಗ್ಗುವ ಶಬ್ದ ಹುಡುಕಿದ ಜಾಣರು ಎರಡು ಭಾಷೆಯಲ್ಲೂ ಒಟ್ಟಿಗೆ ಜಾರಿ ಬಿದ್ದಿದ್ದೆವು.

ಬಸ್ಸಿನಲ್ಲಿ ಮೇಡಂ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ಅಂದ್ರ ನಾ ಸಾಬೀತು ಮಾಡಿದ್ದು ಏನ್ರಿ ಸರ್? ಜಾಮೀನು ಸಿಕ್ಕಾವರು ಜಾಮೀನಿನ ಮ್ಯಾಲೆ ಹೊರಗ ಬರ್ತಾರ ಅಂತ?"

ಅಷ್ಟೇ ಸಾಬೀತಾಗಿತ್ತು. ಬಾವಿಗೆ ಬಿದ್ದ ಕೊಡದಂಥ ಆ ಗೆರೆಯ ಅರ್ಥ ಅದೇ. ಇಡೀ ಕರ್ನಾಟಕದಲ್ಲಿ ಅದನ್ನು ತಿಳಿಯದವರು ನಾವಿಬ್ಬರೇ ಇದ್ದೆವು. ನಗಬೇಕೆನಿಸಿತು, ಆದರೆ ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಮಾರ್ಚ್ ಮುಂದೆ ನಿಂತಿತ್ತು.

ಮರುದಿನದಿಂದ ಅವರು ಫೋನ್ ಹಿಡಿದು ಕೂತರು. ಈ ಸಲ ಪ್ರಶ್ನೆ ಅಂಗೈಯಷ್ಟು ಸರಳ: "ನಿಮ್ಮ ಹೆಸರಿಲೆ ಹೊಲಾ, ತ್ವಾಟಾ ಏನರ ಐತೇನ್ರಿ? ಉತಾರದಾಗ ನಿಮ್ಮ ಹೆಸರ ಬರ್ತೈತೇನ್ರಿ?" ಮರಾಠಿಯವರಿಗೆ ಶೇತ, ಮಳಾ. ಫೋನಿನಲ್ಲಿ ಬೇಡ, ಊರಿಗೇ ಬರ್ರಿ ಎಂದವರ ಕಡೆ ಹೋಗುವಾಗ ನಾನೂ ಜೊತೆಗಿರುತ್ತಿದ್ದೆ. ಪಾಪಪ್ರಜ್ಞೆ ಎನ್ನಿ, ಮನೆಯಲ್ಲಿ ಕೂತರೆ ಇನ್ನೂ ಹೆಚ್ಚು ಹೆದರುತ್ತಿದ್ದೆ ಎನ್ನಿ.

ಹಾಗೆ ಸುತ್ತುತ್ತ ಕೃಷ್ಣೆಯ ದಂಡೆಯ ಒಂದು ಊರಿಗೆ ಹೋದೆವು. ಯಾವ ತಾಲೂಕೆಂದು ಹೇಳುವುದಿಲ್ಲ. ಆ ಮನುಷ್ಯನ ಖಟ್ಲೆ ಈಗ ಮುಗಿದಿದೆ, ಬರೆಯಲು ಆತನನ್ನು ಕೇಳಿಯೂ ಇದ್ದೇನೆ, ಆದರೂ ಹೇಳುವುದಿಲ್ಲ. ಹೊಡೆದಾಟದ ಕೇಸಿನಲ್ಲಿ ಸಿಕ್ಕವನು. ಕಬ್ಬಿನ ತೋಟದ ಬದುವಿನಲ್ಲಿ ಸಿಕ್ಕ. ನಮ್ಮ ಹಾಳೆಯಲ್ಲಿ ಆತನಿಗೂ ಒಂದು ಎಕರೆ ಇತ್ತು.

"ಹೊಲಾ ಇಲ್ರಿ" ಎಂದ.

"ಹಂಗಾರ ಜಾಮೀನ ಯಾರು ನಿಂತಾರ್ರಿ?" ಮೇಡಂ ಕೇಳಿದರು. ಅದು ಪ್ರಶ್ನೆಗಳಲ್ಲಿ ಇರಲಿಲ್ಲ, ಸುಮ್ಮನೆ ಮಾತಿಗೆ ಬಂತು.

"ಇದ ತ್ವಾಟದ ಧಣ್ಯಾರು."

"ಪುಣ್ಯಾತ್ಮರು ಬಿಡ್ರಿ" ಎಂದೆ ನಾನು. ಸುಮ್ಮನಿರಲು ಬಾರದ ಬಾಯಿ.

ಆತ ನನ್ನನ್ನೇ ನೋಡಿದ. "ಹೌದ್ರಿ. ಮಗಳ ಬಾಣಂತನಕ್ಕ ಹೋಗಿ ಬರ್ತೀನಿ ಅಂದ್ರ ಬಿಡವಲ್ರು. ನೀ ಓಡಿ ಹೋದ್ರ ನನ್ನ ಉತಾರ ಕೋರ್ಟಿನ್ಯಾಗ ಐತಿ ಅಂತಾರ. ಖಟ್ಲೆ ಮುಗಿಯೂತನ ಇಲ್ಲೇ ಇರಬೇಕ್ರಿ."

"ಪಗಾರ?"

"ಊಟಾ ಹಾಕ್ತಾರ್ರಿ." ಮತ್ತೆ ಅವನೇ ಹೇಳಿದ: "ಊಟಾ ಜೇಲಿನ್ಯಾಗೂ ಹಾಕ್ತಿದ್ರ್ರಿ. ಆದ್ರ ಅಲ್ಲಿ ಕಬ್ಬ ಕಡೀಸ್ತಿರಲಿಲ್ಲ."

ಹಾಗೆ ಹೇಳಿ ನಕ್ಕ. ನಾವಿಬ್ಬರೂ ನಗಲಿಲ್ಲ. ನಮ್ಮ ಲೆಕ್ಕದಲ್ಲಿ ಈ ಮನುಷ್ಯ ಬೇಗ ಬಿಡುಗಡೆಯಾದವನು. ಬಾವಿಗೆ ಬಿದ್ದ ಗೆರೆಯಲ್ಲಿ ಈತನೂ ಒಬ್ಬ. ಆದೇಶವಾದ ಕೂಡಲೇ ಹೊರಗೆ ಬಂದ ಭಾಗ್ಯವಂತ. 'ಹೊರಗೆ' ಎನ್ನುವ ಶಬ್ದವನ್ನು ನಾವು ಯೋಜನೆಯಲ್ಲಿ ಚರ್ಚಿಸಿಯೇ ಇರಲಿಲ್ಲ. ಅದಕ್ಕೆ ಒಂದೇ ಅರ್ಥವೆಂದು ಇಬ್ಬರೂ ನಂಬಿದ್ದೆವು.

ಹೊರಡುವಾಗ ಆತ ಮೇಡಂ ಕಡೆ ಬಂದ. "ಬಾಯಾರ, ಇದನ್ನ ಬರೀಬ್ಯಾಡ್ರಿ. ಇಲ್ಲಿ ಹಿಂಗ ಇರಾವ ನಾ ಒಬ್ಬಾಂವ ಅಂತ ಎಲ್ಲರಿಗೂ ಗೊತ್ತೈತಿ. ಅವರ ಕಿವಿಗೆ ಬಿತ್ತಂದ್ರ ಜಾಮೀನ ಹಿಂದ ತಗೋತಾರ. ಮತ್ತ ಒಳಗ ಹೋಗಬೇಕ."

"ಬರಿಯಂಗಿಲ್ರಿ" ಎಂದರು ಮೇಡಂ. ಒಂದು ಕ್ಷಣವೂ ಯೋಚಿಸದೆ.

ಯೋಚಿಸಬೇಕಾಗಿ ಬಂದದ್ದು ಆಮೇಲೆ. ಜಮೀನಿನ ಕಾಲಂ ಸರಿಮಾಡಿ ಲೆಕ್ಕ ಓಡಿಸಿದಾಗ ಎರಡು ಗೆರೆಗಳೂ ಒಂದರ ಮೇಲೊಂದು ಹೊರಳುತ್ತ, ಅಲ್ಲಲ್ಲಿ ದಾಟುತ್ತ, ಜೋಡಿಯಾಗಿ ಇಳಿದವು. ಅಂತರ ಇದೆಯೆಂದು ಹೇಳುವಂತಿಲ್ಲ. ಸುಮ್ಮನೆ ಅದೃಷ್ಟದಿಂದಲೇ ಅಷ್ಟು ವ್ಯತ್ಯಾಸ ಬರಬಹುದಿತ್ತು. ಇಷ್ಟು ವರ್ಷದ ಓಡಾಟಕ್ಕೆ ಸಿಕ್ಕಿದ್ದು: ಏನೂ ಕಾಣಲಿಲ್ಲ.

ಮಾರ್ಗದರ್ಶಕರಿಗೆ ಮೇಡಂ ನನ್ನೆದುರೇ ಫೋನ್ ಮಾಡಿದರು. ಸ್ಪೀಕರ್ ಹಾಕದಿದ್ದರೂ ಕೇಳಿಸುತ್ತಿತ್ತು. "ಏನೂ ಸಿಗಲಿಲ್ಲ ಅಂತ ಬರದ್ರ ನಿನಗ ಡಾಕ್ಟರೇಟ್ ಯಾರು ಕೊಡ್ತಾರವಾ? ಮೊದಲಿನ ಟೇಬಲ್ ಇಡು, ಯಾರು ಹಾರೂಗೇರಿಗೆ ಹೋಗಿ ಕೇಳ್ತಾರ?"

"ಅದು ತಪ್ಪೈತ್ರಿ ಸರ್."

"ಹಂಗಾರ ಆ ಕಬ್ಬಿನ ತೋಟದಾಂವಂದು ಹೇಳಿದಿಯಲ್ಲ, ಅದನ್ನ ಒಂದು ಅಧ್ಯಾಯ ಮಾಡು. ಬಂಗಾರ ಕೈಯಾಗ ಹಿಡಕೊಂಡು ಅಳ್ತಿಯಲ್ಲ! ಹೆಸರು ಹಾಕಬ್ಯಾಡ, ಮುಗೀತು."

"ಹೆಸರು ಹಾಕದಿದ್ರೂ ಗೊತ್ತಾಗ್ತೈತ್ರಿ ಸರ್. ಅಂವ ಒಳಗ ಹೋಗ್ತಾನ."

"ನೀ ಹೊರಗ ಹೋಗ್ತಿ, ಕಾಲೇಜಿನಿಂದ. ಅದು ತಿಳೀತೈತಿಲ್ಲೋ?"

ಫೋನ್ ಇಟ್ಟ ಮೇಲೆ ಮೇಡಂ ನನ್ನನ್ನು ಕೇಳಿದರು: "ನೀವೇನಂತೀರಿ ಸರ್?" ಸತ್ಯ ಹೇಳುತ್ತೇನೆ, ನಾನು ಏನೂ ಅನ್ನಲಿಲ್ಲ. ಊರಿನ ಹೆದರಿಕೆಗಳನ್ನೆಲ್ಲ ನನ್ನವೆಂದು ಹೊತ್ತು ತಿರುಗುವವನಿಗೆ ನಿಜವಾದದ್ದೊಂದು ಎದುರು ಬಂದಾಗ ಬಾಯಿ ಕಟ್ಟಿತ್ತು. ಅವರೇ ನನ್ನ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಹೊರಳುವ ಆ ಎರಡು ಗೆರೆಗಳ ಕೆಳಗೆ ಬರೆಯತೊಡಗಿದರು: ಯೋಜಿಸಿದ ಹೋಲಿಕೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಂಡುಬಂದಿಲ್ಲ. ಅದರ ಮೇಲೆ, ಮೊದಲ ಪ್ರಶ್ನೆ ಹೇಗೆ ತಪ್ಪಾಯಿತು, ಒಂದು ದೀರ್ಘ ಎಷ್ಟು ಕೆಲಸ ಕೆಡಿಸಿತು ಎನ್ನುವುದನ್ನೂ ಮುಚ್ಚಿಡದೆ ಬರೆದರು. ಕಬ್ಬಿನ ತೋಟದ ಒಂದು ಸಾಲೂ ಇಲ್ಲ.

ಮಾರ್ಗದರ್ಶಕರು ಕಡೆಯ ದಿನ ಸಹಿ ಹಾಕಿದರು. ನೋಂದಣಿ ರದ್ದಾದರೆ ಪಿಎಚ್‌.ಡಿ. ಮಾಡಿಸಿದವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೂ ಒಂದು ಖಾನೆ ಖಾಲಿ ಉಳಿಯುತ್ತಿತ್ತಲ್ಲ.

ಮೌಖಿಕ ಪರೀಕ್ಷೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಮೆಲ್ಲಗೆ ಮಾತಾಡುವವರು. ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಭಯ. ಗೆರೆಗಳ ಪುಟ ತೆರೆದು ಕೇಳಿದರು: "ಹಾಗಾದರೆ ಭೂಮಿ ಇದ್ದವರು ಬೇಗ ಹೊರಬರುತ್ತಾರೆ ಎನ್ನುವುದು ಸುಳ್ಳೋ?"

"ಸುಳ್ಳು ಅಂತ ನಾನು ಹೇಳಿಲ್ಲ ಸರ್. ನನ್ನ ಅಂಕಿಗಳಲ್ಲಿ ಕಾಣಲಿಲ್ಲ ಅಂತ ಹೇಳಿದ್ದೇನೆ."

ಅವರು ಪುಟ ತಿರುವಿದರು, ಮತ್ತೆ ಹಿಂದೆ ತಿರುವಿದರು. "ಒಂದು ಮಾತು. ಜಾಮೀನು ನಿಂತವರು ಯಾರು, ಆರೋಪಿಗೂ ಅವರಿಗೂ ಏನು ಸಂಬಂಧ, ನಿಂತದ್ದಕ್ಕೆ ಅವರಿಗೆ ಏನು ಸಿಗುತ್ತದೆ? ಇಷ್ಟು ಜನರನ್ನು ಮಾತಾಡಿಸಿದ್ದೀರಿ. ಇದನ್ನು ಕೇಳಲೇ ಇಲ್ಲವೆ?"

ಇಲ್ಲ ಎಂದರೆ ಸುಳ್ಳು, ಅದಕ್ಕಿಂತ ಹೆಚ್ಚಾಗಿ ದಡ್ಡತನ. ಹೌದು ಎಂದರೆ ಎಲ್ಲಿದೆ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಮಾರ್ಗದರ್ಶಕರು ತಲೆ ತಗ್ಗಿಸಿ "ಹೋತು" ಎಂದದ್ದು ನನಗೆ ಕೇಳಿಸಿತು.

"ಕೇಳಿದ್ದೇನೆ ಸರ್" ಎಂದರು ಮೇಡಂ. "ಬರೆದಿಲ್ಲ."

"ಯಾಕೆ?"

"ಹೇಳಿದವರು ಇನ್ನೂ ಜಾಮೀನಿನ ಮ್ಯಾಲೆ ಅದಾರ್ರಿ." ಗಾಬರಿಯಲ್ಲಿ ಗ್ರಾಂಥಿಕ ಬಿಟ್ಟು ಮನೆಯ ಮಾತಿಗೆ ಜಾರಿದ್ದು ಅವರಿಗೆ ತಿಳಿಯಲೂ ಇಲ್ಲ.

ಪರೀಕ್ಷಕರು ಕನ್ನಡಕ ತೆಗೆದು ಮೇಡಂ ಅವರನ್ನು ನೋಡಿದರು. ಆಮೇಲೆ ಅವರು ಪ್ರಬಂಧವನ್ನು ಮುಚ್ಚಿ, ಪಕ್ಕಕ್ಕೆ ಸರಿಸಿ, "ನನ್ನ ಪ್ರಶ್ನೆಗಳು ಮುಗಿದವು" ಎಂದು, ಪದವಿಗೆ ಶಿಫಾರಸು ಮಾಡುವ ವರದಿಗೆ ಸಹಿ ಹಾಕಲು ಪೆನ್ನು ಹುಡುಕತೊಡಗಿದರು. ಅವರ ಜೇಬಿನಲ್ಲಿ ಇರಲಿಲ್ಲ. ಮಾರ್ಗದರ್ಶಕರೇ ಎದ್ದು ಹೋಗಿ ತಮ್ಮ ಪೆನ್ನು ಕೊಟ್ಟರು.